ನಿಮಗೆ ಗೊತ್ತಿಲ್ಲದ್ದು ಎಂತ ಇದೆ ಮಾರಾಯ್ರೆ

ಸಾಗರದ ಕಡೆ ಯಾವುದೇ ಹಳ್ಳಿಗೆ ಕ್ಯಾಮೆರಾ ಹಿಡಿದು ಹೋಗಿ, ಎರಡು ಪ್ರಶ್ನೆ ಖಾಯಂ. "ಟಿವಿಯವ್ರಾ, ಯೂಟ್ಯೂಬಾ?" ಅನ್ನುವುದು ಮೊದಲನೆಯದು. ಇದಕ್ಕೆ ಏನು ಹೇಳಿದರೂ ನಡೆಯುತ್ತದೆ. ಎರಡನೆಯದು, "ಯಾವೂರಾಯ್ತು? ಯಾರ ಮನೆ?" ತೀರ್ಮಾನ ಆಗುವುದೆಲ್ಲ ಇಲ್ಲಿ. ಊರಿನ ಹೆಸರು ಹೇಳಿದ ಕೂಡಲೇ ಜಾತಿ ಗೊತ್ತಾಯಿತು. ತೋಟ ಎಷ್ಟು ಎಕರೆ ಅಂತ ಅಂದಾಜಾಯಿತು. ನಿಮ್ಮಜ್ಜ ಗೇಣಿ ಕೊಡುತ್ತಿದ್ದವರಾ, ಅಳೆಸಿಕೊಳ್ಳುತ್ತಿದ್ದವರಾ ಅನ್ನುವುದೂ ನೆನಪಾಯಿತು. ಅಲ್ಲಿಂದ ಮುಂದೆ ಅವರು ಆಡುವ ಮಾತೆಲ್ಲ "ಆ ಮನೆ ಹುಡುಗ"ನಿಗೆ ಆಡಿದ ಮಾತು. ನಿಮ್ಮ ಕೈಯಲ್ಲಿ ಎಷ್ಟು ದೊಡ್ಡ ಕ್ಯಾಮೆರಾ ಇದ್ದರೂ ಅಷ್ಟೇ.

ನಾನು ಇರುವುದು ಶಿವಮೊಗ್ಗದಲ್ಲಿ. ಮೂಲ ಸಾಗರ ತಾಲೂಕಿನ ಅಡಿಕೆ ತೋಟದ ಮನೆ. ಹೊಟ್ಟೆಪಾಡಿಗೆ ಮದುವೆ, ಉಪನಯನದ ವಿಡಿಯೋ ಮಾಡುತ್ತೇನೆ. ಉಳಿದ ಹೊತ್ತಿನಲ್ಲಿ ಡಾಕ್ಯುಮೆಂಟರಿ. "ಸ್ವಂತ ಊರಿನ ಕಥೆ ಅಲ್ವಾ, ನಿಂಗೇನು ಸುಲಭ" ಅಂತ ಬೆಂಗಳೂರಿನ ಗೆಳೆಯರು ಹೇಳುತ್ತಿರುತ್ತಾರೆ. ಭಾಷೆ ಬರುತ್ತದೆ, ದಾರಿ ಗೊತ್ತು, ಯಾರ ಮನೆಯಲ್ಲಾದರೂ ಊಟ ಸಿಗುತ್ತದೆ ಅನ್ನುವಷ್ಟು ಮಟ್ಟಿಗೆ ಅದು ನಿಜ. ಉಳಿದಂತೆ ಹತ್ತಿರದವರ ಕಥೆ ಹೇಳುವುದೇ ಜಾಸ್ತಿ ಕಷ್ಟ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಬರೆಯೋಣ ಅನ್ನಿಸಿತು.

ಮಲೆನಾಡಿನಲ್ಲಿ ವಿಷಯಕ್ಕೆ ಬರ ಇಲ್ಲ, ಮೊದಲು ಅದನ್ನು ಹೇಳಿಬಿಡುತ್ತೇನೆ. ಶರಾವತಿ ಒಂದೇ ಸಾಕು. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ. ಎರಡನೆಯದರ ನೀರು ಮೊದಲನೆಯದನ್ನೇ ಮುಳುಗಿಸಿತು. ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಆ ಹಳೆ ಕಟ್ಟು ಮೇಲೇಳುತ್ತದೆ, ಜನ ಜೀಪು ಮಾಡಿಕೊಂಡು ನೋಡಲು ಹೋಗುತ್ತಾರೆ. ನಮ್ಮ ಕಡೆ ಮಳೆಗಾಲದಲ್ಲಿ ಪೇಪರ್ ಬಂದ ಕೂಡಲೇ ನೋಡುವುದು ಲಿಂಗನಮಕ್ಕಿ ನೀರಿನ ಮಟ್ಟ. 1819 ಅಡಿ ಅಂದರೆ ಭರ್ತಿ ಅಂತ ಶಾಲೆ ಮಕ್ಕಳಿಗೂ ಗೊತ್ತು. ಈ ನೀರಿಗಾಗಿ ಮನೆ, ಗದ್ದೆ ಬಿಟ್ಟು ಎದ್ದು ಬಂದವರ ಕುಟುಂಬಗಳಲ್ಲಿ ಅರವತ್ತು ವರ್ಷ ಕಳೆದರೂ ಹಕ್ಕುಪತ್ರದ ಮಾತು ಮುಗಿದಿಲ್ಲ.

ಇಷ್ಟೆಲ್ಲ ಇದ್ದೂ ಮುಳುಗಡೆ ಅನ್ನುವುದು ಒಂದು ವಿಷಯ ಮಾತ್ರ. ಅದರ ಮೇಲೆ ಪುಸ್ತಕ ಬರೆಯಬಹುದು, ಭಾಷಣ ಮಾಡಬಹುದು. ಸಿನಿಮಾ ಆಗಬೇಕಾದರೆ ಕ್ಯಾಮೆರಾದ ಎದುರು ಏನೋ ಒಂದು ನಡೆಯುತ್ತಿರಬೇಕು, ಅದು ಹೇಗೆ ಮುಗಿಯುತ್ತದೆ ಅಂತ ನಮಗೂ ಗೊತ್ತಿರಬಾರದು. ಮುಳುಗಡೆ ಬಗ್ಗೆ ವಿಡಿಯೋ ಮಾಡಲು ಬರುವವರೆಲ್ಲ ಒಂದೇ ಶಾಟ್ ತೆಗೆಯುತ್ತಾರೆ. ನೀರು ಇಳಿದ ಜಾಗದಲ್ಲಿ ಒಬ್ಬ ಅಜ್ಜ ನಿಂತು, "ಇಲ್ಲೇ ನಮ್ಮನೆ ಇತ್ತು, ಇಲ್ಲಿ ತುಳಸಿಕಟ್ಟೆ" ಅಂತ ಕೈ ತೋರಿಸುತ್ತಾನೆ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಅಜ್ಜನಿಗೆ ಅಲ್ಲಿ ಇನ್ನು ಪಡೆಯುವುದೂ ಇಲ್ಲ, ಕಳೆದುಕೊಳ್ಳುವುದೂ ಇಲ್ಲ. ಅದೇ ಮನೆಯಲ್ಲಿ ಅವರ ಮಗನೋ ಸೊಸೆಯೋ ಪ್ಲಾಸ್ಟಿಕ್ ಕವರಿನಲ್ಲಿ ಹಳೇ ಕಾಗದ ಸುತ್ತಿಕೊಂಡು ಮುಂದಿನ ವಾರ ಕಚೇರಿಗೆ ಹೊರಟಿರುತ್ತಾರೆ. ಕೆಲಸ ಆಗುತ್ತದಾ, ಆಗುವುದಿಲ್ಲವಾ? ಕಥೆ ಇರುವುದು ಆ ಕವರಿನ ಹಿಂದೆ. ಅಜ್ಜನನ್ನು ತೆಗೆಯಬೇಡಿ ಅಂತಲ್ಲ. ಅಜ್ಜ ಒಬ್ಬರೇ ಸಾಲುವುದಿಲ್ಲ.

ಇದು ಹೊಸ ಸಮಸ್ಯೆಯೇನೂ ಅಲ್ಲ. ಅಮೆರಿಕದ ಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಕೆನಡಾದ ಉತ್ತರ ತುದಿಯ ಇನ್ಯುಯಿಟ್ ಜನರ ನಡುವೆ ಮೊದಲು ತೆಗೆದ ನೆಗೆಟಿವ್ ಎಲ್ಲ ಸಿಗರೇಟಿನ ಕಿಡಿ ತಾಗಿ ಸುಟ್ಟುಹೋಯಿತು. ಒಂದು ಪ್ರಿಂಟ್ ಉಳಿದಿತ್ತು. ಅದನ್ನು ನೋಡಿದ ಅವನಿಗೇ ಬೇಜಾರಾಯಿತು. ಅಲ್ಲೊಂದು ದೃಶ್ಯ, ಇಲ್ಲೊಂದು ದೃಶ್ಯ, ಪ್ರವಾಸ ಹೋದವನ ಆಲ್ಬಂ ಥರ. ಮತ್ತೆ ಹೋದಾಗ ಒಬ್ಬ ಬೇಟೆಗಾರ ಮತ್ತು ಅವನ ಕುಟುಂಬ, ಇಷ್ಟನ್ನೇ ಹಿಡಿದು ಕೂತ. 1922ರಲ್ಲಿ ಬಂದ ಆ "ನಾನೂಕ್ ಆಫ್ ದಿ ನಾರ್ತ್" ಚಿತ್ರವನ್ನು ಈಗಲೂ ಡಾಕ್ಯುಮೆಂಟರಿ ಪಾಠದ ಮೊದಲ ದಿನ ತೋರಿಸುತ್ತಾರೆ. ಅದರ ಜೊತೆಗೇ ಅದರ ತಕರಾರುಗಳನ್ನೂ ಹೇಳುತ್ತಾರೆ. ನಾಯಕನ ನಿಜವಾದ ಹೆಸರು ಅಲ್ಲಕರಿಯಲ್ಲಕ್, ನಾನೂಕ್ ಅಲ್ಲ. ಮಂಜಿನ ಮನೆಯೊಳಗೆ ಬೆಳಕು ಸಾಲದೆ ಅರ್ಧ ಮನೆ ಕಟ್ಟಿಸಿ ಅದರಲ್ಲಿ ಶೂಟ್ ಮಾಡಿದ. ದುಡ್ಡು ಹಾಕಿದ್ದು ತುಪ್ಪಳದ ವ್ಯಾಪಾರದ ಕಂಪನಿ. ಕಥೆ ಹುಡುಕುವುದು, ಕಥೆ ಕಟ್ಟುವುದು, ದುಡ್ಡು ಹಾಕಿದವರ ಋಣ, ಈ ಮೂರೂ ತಲೆನೋವು ಆಗಲೇ ಇದ್ದವು. ನನಗೆ ಇಷ್ಟವಾಗುವುದು ಇನ್ನೊಂದು ಸಂಗತಿ. ಫ್ಲಾಹರ್ಟಿ ಅಲ್ಲೇ ರೀಲು ತೊಳೆದು, ಅಲ್ಲೇ ಆ ಜನರಿಗೆ ತೋರಿಸುತ್ತಿದ್ದ. ಅವರು ನೋಡಿ, ಮುಂದೆ ಏನು ತೆಗೆಯಬಹುದು ಅಂತ ತಾವೇ ಹೇಳುತ್ತಿದ್ದರು. ಆ ಮಟ್ಟಿಗೆ ಅವನು ಅನೇಕರಿಗಿಂತ ಮುಂದಿದ್ದ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ, ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಥರದ ಸಂಸ್ಥೆಗಳು ಅನುದಾನ ಕೊಡುತ್ತವೆ. ಅರ್ಜಿ ಬರೆಯುವುದೇ ಒಂದು ಕಸುಬು. ಕಥೆ ಇನ್ನೂ ನಡೆದೇ ಇಲ್ಲ, ಕೊನೆಯಲ್ಲಿ ಏನಾಗುತ್ತದೆ ಅಂತ ಮೊದಲೇ ಬರೆದುಕೊಡಬೇಕು. ನನ್ನಂಥವರನ್ನು ಸಾಕುತ್ತಿರುವುದು ಮಾತ್ರ ಮದುವೆ ಸೀಸನ್ನು. ಒಂದು ಲಾಭವೂ ಇದೆ. ಮದುವೆ ಮನೆಯಲ್ಲಿ ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಾರೆ. ಎಷ್ಟು ಹೊತ್ತಿಗೆ ಆ ನಗು ಇಳಿಯುತ್ತದೆ, ಯಾವಾಗ ಜನ ಕ್ಯಾಮೆರಾ ಮರೆತು ತಮ್ಮ ಪಾಡಿಗೆ ತಾವಾಗುತ್ತಾರೆ ಅನ್ನುವುದು ಮದುವೆ ವಿಡಿಯೋದವನಿಗೆ ಗೊತ್ತಾಗುವಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಅದು ಎರಡನೇ ಪಂಕ್ತಿ ಊಟದ ಹೊತ್ತಿಗೆ.

ಈಗ ಕೊನೆಗಾರರ ವಿಷಯಕ್ಕೆ ಬರುತ್ತೇನೆ.

ಅಡಿಕೆ ಕೊನೆ, ಅಂದರೆ ಗೊನೆ, ಇಳಿಸುವವರಿಗೆ ನಮ್ಮಲ್ಲಿ ಕೊನೆಗಾರ ಅನ್ನುತ್ತಾರೆ. ಕಾಲಿಗೆ ಹಗ್ಗದ ತಳೆ, ಸೊಂಟಕ್ಕೆ ಕತ್ತಿ. ಒಂದು ಮರ ಹತ್ತಿದರೆ ಇಳಿಯುವುದಿಲ್ಲ, ಮರವನ್ನೇ ತೂಗಿ, ಬಗ್ಗಿಸಿ ಪಕ್ಕದ ಮರ ಹಿಡಿಯುತ್ತಾರೆ. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿಕೊಂಡು ಕೆಳಗೆ ಬರುತ್ತದೆ, ಕೆಳಗಿದ್ದವನು ಹಗ್ಗ ಹಿಡಿದು ಅದನ್ನು ಇಳಿಸಿಕೊಳ್ಳುತ್ತಾನೆ. ಮಳೆಗಾಲದಲ್ಲಿ ಕೊಳೆ ರೋಗ ಬಾರದ ಹಾಗೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಹೊಡೆಯುವುದೂ ಹೆಚ್ಚಾಗಿ ಇವರೇ. ಈಗ ಕಾರ್ಬನ್ ಫೈಬರಿನ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ಮರ ಹತ್ತುವ ಹುಡುಗರು ಕಡಿಮೆಯಾದರು, ದೋಟಿ ಹಿಡಿಯುವವರು ಜಾಸ್ತಿಯಾದರು. ಇದರ ಮೇಲೆ ಒಂದು ಚಿತ್ರ ಮಾಡಬೇಕು ಅಂತ ನನಗೆ ಬಹಳ ದಿನದಿಂದ ಇತ್ತು. ನಮ್ಮ ಅಪ್ಪಚ್ಚಿಯ, ಅಂದರೆ ಚಿಕ್ಕಪ್ಪನ, ತೋಟಕ್ಕೆ ಬರುವ ಕೊನೆಗಾರರೇ ಇದ್ದರು. ಅರವತ್ತರ ಹತ್ತಿರದ ವಯಸ್ಸು, ದೀವರು ಅನ್ನುವ ಒಕ್ಕಲು ಜನಾಂಗದ ಕೇರಿಯವರು, ನಾನು ಚಡ್ಡಿ ಹಾಕುವ ಕಾಲದಿಂದ ನೋಡಿದವರು.

ಅವರು ಒಪ್ಪಿದರು. ಒಪ್ಪಿದ ಮೇಲೆ ಬಾಯಿ ಬಿಡಲಿಲ್ಲ. ಏನು ಕೇಳಿದರೂ ಒಂದೇ ಉತ್ತರ. "ಸಣ್ಣ ಹೆಗಡೇರೆ, ನಿಮಗೆ ಗೊತ್ತಿಲ್ಲದ್ದು ಎಂತ ಇದೆ ಮಾರಾಯ್ರೆ." ಮೊದಲ ಸಲ ಯಾವಾಗ ಮರ ಹತ್ತಿದ್ರಿ? "ಎಲ್ಲರೂ ಹತ್ತುವಾಗಲೇ." ಭಯ ಆಗಲ್ವಾ? "ಎಂತ ಭಯ, ನೀವೇ ನೋಡಿದೀರಲ್ಲ." ಅವರು ಹೇಳಿದ್ದು ಸರಿಯೇ. ನಾನು ನೋಡಿದ್ದೆ. ಅಂಗಳದಲ್ಲಿ ಕೂತು, ಅಡಿಕೆ ಸುಲಿಯುವವರ ಪಕ್ಕದಲ್ಲಿ ದೋಸೆ ತಿನ್ನುತ್ತ ನೋಡಿದ್ದೆ. ನೋಡಿದವನಿಗೆ ಮತ್ತೆ ಯಾಕೆ ವಿವರಿಸಬೇಕು? ಹೊರಗಿನಿಂದ ಬಂದವನಿಗಾದರೆ ಹೇಳುತ್ತಿದ್ದರು. ಮನೆಯ ಹುಡುಗ ಕ್ಯಾಮೆರಾ ಹಿಡಿದು, ತನಗೆ ಗೊತ್ತಿರುವುದನ್ನೇ ಕೇಳಿದರೆ ಅದು ಪರೀಕ್ಷೆ ಮಾಡಿದ ಹಾಗೆ ಕೇಳಿಸುತ್ತದೆ. ಅಥವಾ ಆಟ ಆಡಿದ ಹಾಗೆ.

ದಾರಿ ತೋರಿಸಿದ್ದು ನನ್ನ ಸೌಂಡ್ ಮಾಡುವ ಗೆಳೆಯ. ವಿಜಯಪುರದ ಕಡೆಯವನು. ಅಡಿಕೆ ಮರಕ್ಕೂ ತೆಂಗಿನ ಮರಕ್ಕೂ ಫರಕು ಗೊತ್ತಿಲ್ಲದೆ ಬಂದವನು. ಮೈಕು ಸಿಕ್ಕಿಸಲು ಅವರ ಹತ್ತಿರ ಹೋದವನು ಸುಮ್ನೆ ಕೇಳಿದ, "ಯಜಮಾನ್ರ, ಮ್ಯಾಲಿಂದ ಮ್ಯಾಲೇ ಹೆಂಗ ಹೋಗ್ತೀರಿ? ಅಂಜಿಕಿ ಬರೂದಿಲ್ಲೇನ್ರಿ?" ಅವರು ಜೋರಾಗಿ ನಕ್ಕರು. ಆಮೇಲೆ ಕೂರಿಸಿಕೊಂಡು ಹೇಳಿದರು. ಮರ ಬಗ್ಗಿದಾಗ ಎಷ್ಟು ತಡೆಯುತ್ತದೆ ಅಂತ ಕಣ್ಣಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತದಂತೆ. ಹಿಂದಿನ ದಿನ ಮಳೆ ಬಂದಿದ್ದರೆ ಯಾವ ಮಗ್ಗುಲಿನಲ್ಲಿ ಪಾಚಿ ಜಾರುತ್ತದೆ, ಬಿದ್ದವರು ಯಾರ್ಯಾರು, ಬಿದ್ದ ಮೇಲೆ ಯಾರ ಮನೆಯವರು ನೋಡಲು ಬಂದರು, ಯಾರು ಬರಲಿಲ್ಲ. ಯಾವ ತೋಟದಲ್ಲಿ ಎಷ್ಟು ಕೂಲಿ. ಕೊನೆಗೆ ನನ್ನ ಕಡೆ ಕೈ ತೋರಿಸಿ, "ಇವರ ಮನೇಲಿ ಮಾತ್ರ ಸ್ವಲ್ಪ ಕಡಿಮೆಯೇ" ಅಂದು ಮತ್ತೆ ನಕ್ಕರು. ನಾನು ಕ್ಯಾಮೆರಾದ ಹಿಂದೆ ಸುಮ್ಮನೆ ಇದ್ದೆ. ಎಷ್ಟೋ ವರ್ಷದಿಂದ ನಮ್ಮಂಗಳಕ್ಕೆ ಬರುತ್ತಿದ್ದವರು ಆ ಮಾತನ್ನು ಹೇಳಿದ್ದು ವಿಜಯಪುರದವನಿಗೆ.

ಅವತ್ತಿನಿಂದ ನಾನು ಇದನ್ನೊಂದು ಪದ್ಧತಿ ಮಾಡಿಕೊಂಡಿದ್ದೇನೆ. ನನ್ನ ಊರಿನ ಚಿತ್ರಕ್ಕೆ ತಂಡದಲ್ಲಿ ಒಬ್ಬನಾದರೂ ಬಯಲುಸೀಮೆಯವನು, ಕರಾವಳಿಯವನು, ಯಾರಾದರೂ ಇರಬೇಕು. ಪ್ರಶ್ನೆ ಅವನದು. ಹಾಗೆಯೇ ನಾನು ಹೊಸಪೇಟೆಗೋ ಕಲಬುರಗಿಗೋ ಹೋದರೆ ಆ ಪೆದ್ದು ಪ್ರಶ್ನೆಯ ಕೆಲಸ ನನ್ನದು. ಇನ್ನೊಂದು ದಾರಿಯೂ ಇದೆ. ಕೇಳುವುದನ್ನೇ ಬಿಟ್ಟು, ಅವರು ಇನ್ನೊಬ್ಬರ ಜೊತೆ ಮಾತಾಡುವ ಸಂದರ್ಭ ಕಾಯುವುದು. ಜನ ತಮ್ಮ ಬಗ್ಗೆ ಹೇಳಿಕೊಳ್ಳುವಾಗ ಒಂದು ಥರ ಇರುತ್ತಾರೆ, ಬೇರೆಯವರ ಹತ್ತಿರ ಏನಾದರೂ ಕೆಲಸ ಮಾಡಿಸಿಕೊಳ್ಳುವಾಗ ಇನ್ನೊಂದು ಥರ. ನನಗೆ ಎರಡನೆಯದು ಬೇಕು.

ಅಂಥ ಸಂದರ್ಭ ಬಂತು. ಕೊನೆ ಕೊಯ್ಲಿನ ಮುಂಚೆ ಕೂಲಿ ಮಾತಾಡಲು ಅವರು ಅಪ್ಪಚ್ಚಿಯ ಮನೆಗೆ ಬಂದರು. ಅಪ್ಪಚ್ಚಿ ಜಗಲಿಯ ಮೇಲೆ ಕುರ್ಚಿಯಲ್ಲಿ. "ಮೇಲೆ ಬಾರಾ" ಅಂತ ಕರೆದ. "ಇಲ್ಲೇ ಆರಾಮ" ಅಂತ ಅವರು ಮೆಟ್ಟಿಲ ಮೇಲೆ ಕೂತರು. ಕರೆಯುವುದೂ ರೂಢಿ, ಕೂರದಿರುವುದೂ ರೂಢಿ. ಇಲ್ಲಿ ಕ್ಯಾಮೆರಾ ಎಲ್ಲಿಡಬೇಕು? ಕೇಳಲು ಸಣ್ಣ ಪ್ರಶ್ನೆ. ಜಗಲಿಯ ಮೇಲಿಟ್ಟರೆ ಯಜಮಾನನ ಕಣ್ಣಿನಲ್ಲಿ ಕೊನೆಗಾರ ಕಾಣುತ್ತಾನೆ, ಕೆಳಗೆ, ಸಣ್ಣದಾಗಿ. ಮೆಟ್ಟಿಲ ಮೇಲಿಟ್ಟರೆ ಅಪ್ಪಚ್ಚಿ ಎತ್ತರದಲ್ಲಿ, ಹಿಂದೆ ಮನೆಯ ಕಂಬ, ಗೋಡೆಯ ಮೇಲೆ ನಮ್ಮಜ್ಜನ ಫೋಟೊ. ಎರಡಕ್ಕೂ ನಡುವೆ, ಅಂಗಳದಲ್ಲಿ ನಿಂತು ತೆಗೆದರೆ ಇಬ್ಬರೂ ಸಮ ಅನ್ನಿಸುತ್ತದೆ, ಅದು ಸುಳ್ಳು. ನಾನು ಮೆಟ್ಟಿಲ ಮೇಲಿಟ್ಟೆ.

ಅಲ್ಲಿಂದ ಮುಂದಿನದು ನಾನು ತೆಗೆದ ಒಳ್ಳೆಯ ದೃಶ್ಯ. ಮೊದಲು ಬಹಳ ಹೊತ್ತು ಕೂಲಿಯ ಸುದ್ದಿಯೇ ಇಲ್ಲ. ಎಲೆ ಅಡಿಕೆ ತಟ್ಟೆ ಮುಂದಕ್ಕೆ ಬಂತು. ಅಪ್ಪಚ್ಚಿ ಎಲೆಚುಕ್ಕಿ ರೋಗದ ವಿಷಯ ತೆಗೆದ, ಈ ವರ್ಷ ಫಸಲು ಅರ್ಧವೂ ಇಲ್ಲ ಅಂದ. ಅವರು ತಮ್ಮ ಮಂಡಿ ನೋವಿನ ವಿಷಯ ತೆಗೆದರು. ಶಿವಮೊಗ್ಗದ ಡಾಕ್ಟರು ಮರ ಹತ್ತಬೇಡ ಅಂದಿದ್ದಾರೆ ಅಂದರು. ಅಪ್ಪಚ್ಚಿ ದೋಟಿ ತರಿಸುವ ಯೋಚನೆ ಇದೆ ಅಂದ. ಅವರು ನಮ್ಮ ತೋಟದ ಮರ ಎಷ್ಟು ಎತ್ತರ, ಯಾವ ಸಾಲಿನಲ್ಲಿ ದೋಟಿ ತಿರುಗಿಸಲು ಆಗುವುದಿಲ್ಲ ಅಂತ ಲೆಕ್ಕ ಹೇಳಿದರು. ಯಾರೂ ದನಿ ಏರಿಸಲಿಲ್ಲ. ಕೊನೆಗೆ ಒಂದು ಅಂಕಿ ಬಂತು, ಇನ್ನೊಂದು ಅಂಕಿ ಬಂತು, ಮಧ್ಯದ ಒಂದು ಅಂಕಿಗೆ ಇಬ್ಬರೂ ಎಲೆಗೆ ಸುಣ್ಣ ಹಚ್ಚಿದರು.

ಈ ಜಗಲಿ, ಈ ಮೆಟ್ಟಿಲು ಸುಮ್ಮನೆ ಬಂದದ್ದಲ್ಲ. ಕಾಗೋಡು ಇಲ್ಲೇ ಹತ್ತಿರ. 1951ರಲ್ಲಿ ಅಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯ ಮೇಲೆ ತಕರಾರು ಎದ್ದು, ದೀವರ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಬೆಂಬಲ ಕೊಡಲು ಬಂದ ರಾಮಮನೋಹರ ಲೋಹಿಯಾ ಅವರನ್ನು ಬಂಧಿಸಿದರು. 1974ರ ಭೂಸುಧಾರಣೆ ಬಂದ ಮೇಲೆ ಎಷ್ಟೋ ಗೇಣಿದಾರರು ಜಮೀನಿನ ಮಾಲೀಕರಾದರು. ಇದನ್ನೆಲ್ಲ ಚಿತ್ರದಲ್ಲಿ ಹಿನ್ನೆಲೆ ದನಿ ಹಾಕಿ ಹೇಳಬಹುದಿತ್ತು. ಹೇಳಿದ್ದರೆ ನೋಡುವವರು ತಲೆಯಾಡಿಸಿ, ಇತಿಹಾಸ ಅಂತ ಪಕ್ಕಕ್ಕಿಡುತ್ತಿದ್ದರು. "ಮೇಲೆ ಬಾರಾ", "ಇಲ್ಲೇ ಆರಾಮ", ಇಷ್ಟರಲ್ಲಿ ನಮ್ಮ ಕಡೆಯವರಿಗೆ ಎಲ್ಲ ತಿಳಿಯುತ್ತದೆ. ಹೊರಗಿನವರಿಗೆ ಪೂರ್ತಿ ತಿಳಿಯದಿದ್ದರೂ ಏನೋ ಇದೆ ಅಂತ ಗೊತ್ತಾಗುತ್ತದೆ. ಆ ಗೊತ್ತಾಗುವುದು ಸಾಕು.

ಹಿನ್ನೆಲೆ ದನಿಯ ಮೇಲೆ ನನಗೆ ಹಳೇ ಸಿಟ್ಟು ಇದೆ. 1948ರಲ್ಲಿ ಶುರುವಾದ ಫಿಲಂಸ್ ಡಿವಿಜನ್ನಿನ ಚಿತ್ರಗಳನ್ನು ಒಂದು ಕಾಲದಲ್ಲಿ ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು ಕಡ್ಡಾಯವಾಗಿ ತೋರಿಸುತ್ತಿದ್ದರು. ಅದರಲ್ಲಿ ಒಳ್ಳೊಳ್ಳೆ ನಿರ್ದೇಶಕರು ಕೆಲಸ ಮಾಡಿದ್ದಾರೆ, ಅದು ಬೇರೆ ಮಾತು. ಆದರೆ ನಮ್ಮಪ್ಪನ ಕಾಲದವರಿಗೆ ಅದರಿಂದ ಉಳಿದಿರುವುದು ಗಂಟಲು ಗಟ್ಟಿ ಮಾಡಿಕೊಂಡು ಹೇಳುವ ಒಂದು ದನಿ. ಡಾಕ್ಯುಮೆಂಟರಿ ಅಂದರೆ ಇವತ್ತಿಗೂ ಜನ ಆ ದನಿಯನ್ನೇ ಕಾಯುತ್ತಾರೆ. "ಮಾತೇ ಇಲ್ವಲ್ಲ ಇದರಲ್ಲಿ" ಅಂತಾರೆ, ಪರದೆಯ ಮೇಲೆ ಇಬ್ಬರು ಮಾತಾಡುತ್ತಿದ್ದರೂ.

ಡ್ರೋನಿನ ಮೇಲೆ ಹೊಸ ಸಿಟ್ಟು. ಮಂಜು, ಹಸಿರು, ಸುರುಳಿ ರಸ್ತೆ, ಜೊತೆಗೊಂದು ಕೊಳಲು. ಅಷ್ಟು ಎತ್ತರದಿಂದ ನೋಡಿದರೆ ಮಲೆನಾಡಿನಲ್ಲಿ ಜನವೇ ಇಲ್ಲ ಅನ್ನಿಸುತ್ತದೆ. ಕಾಡು, ಹಾವು, ಹಕ್ಕಿಯ ಚಿತ್ರಗಳು ಪಶ್ಚಿಮ ಘಟ್ಟದ ಬಗ್ಗೆ ಬಹಳ ಚೆನ್ನಾಗಿ ಬಂದಿವೆ. ಆ ಕಾಡಿನ ಅಂಚಿನಲ್ಲಿ ದರಕು, ಅಂದರೆ ಒಣಗಿದ ಎಲೆ, ಗುಡಿಸುವ ಹೆಂಗಸರ ಬಗ್ಗೆ ಅಷ್ಟು ಬಂದಿಲ್ಲ.

ತಾಂತ್ರಿಕ ವಿಷಯ ಎರಡು ಮಾತು ಹೇಳಿಬಿಡುತ್ತೇನೆ, ಹೊಸಬರು ಕೇಳುತ್ತಿರುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಸಾಗರ, ಹೊಸನಗರದ ಕಡೆಯೂ ಲೆನ್ಸಿಗೆ ಬೂಷ್ಟು ಹಿಡಿಯಲು ಒಂದು ಮಳೆಗಾಲ ಧಾರಾಳ ಸಾಕು. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಇಲ್ಲದೆ ಮಳೆಗಾಲದ ಶೂಟಿಂಗಿಗೆ ಇಳಿಯಬೇಡಿ. ಹೆಂಚಿನ ಮನೆಯಲ್ಲಿ ಮಳೆ ಶಬ್ದ ಮಾತನ್ನು ನುಂಗುತ್ತದೆ, ಬಟ್ಟೆಗೆ ಸಿಕ್ಕಿಸುವ ಸಣ್ಣ ಮೈಕು ಬೇಕೇ ಬೇಕು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ಇಲ್ಲವಾದರೆ ಟ್ಯೂಬ್‌ಲೈಟು ಮಿಣುಕುತ್ತದೆ. ಕರೆಂಟೇ ಇಲ್ಲದಿದ್ದರೆ ಆ ಚಿಂತೆಯೂ ಇಲ್ಲ. ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ರಾತ್ರಿಯೆಲ್ಲ ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುತ್ತಾರಲ್ಲ, ಅದನ್ನು ತೆಗೆಯಲು ಹೋದವರು ದಯವಿಟ್ಟು ಎಲ್‌ಇಡಿ ಲೈಟು ಹಾಕಬೇಡಿ. ಅವರು ಹೊತ್ತು ತರುವುದೇ ದೀಪವನ್ನು. ಚಿತ್ರ ಸ್ವಲ್ಪ ಕಾಳುಕಾಳಾಗಿ ಬರಲಿ, ಏನೂ ಆಗುವುದಿಲ್ಲ.

ದರಕಿನ ಮಾತು ಬಂತಲ್ಲ, ಅದನ್ನು ಪೂರ್ತಿ ಮಾಡುತ್ತೇನೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯರ ಪುಸ್ತಕದಲ್ಲಿ ಆ ಕಾಡಿನ ಹೆಸರೇ ರೋಗಕ್ಕೆ. ಉಣುಗು, ಅಂದರೆ ಕಾಡಿನ ಉಣ್ಣೆ ಹುಳ, ಕಚ್ಚಿ ಹರಡುತ್ತದೆ. ಮಳೆ ಮುಗಿದು ಒಣಗುವ ಕಾಲದಲ್ಲಿ ಜಾಸ್ತಿ. ಕೊಟ್ಟಿಗೆಗೆ ದರಕು ತರಲು ಕಾಡಿಗೆ ಹೋಗುವುದೂ ಅದೇ ಕಾಲದಲ್ಲಿ. 2019ರಲ್ಲಿ ಸಾಗರ ತಾಲೂಕಿನ ಅರಲಗೋಡು ಕಡೆ ಜನ ಸತ್ತರು. ಆಗ ಕ್ಯಾಮೆರಾಗಳು ಮೈಕು ಹಿಡಿದು ಸಾವಿನ ಮನೆಯ ಬಾಗಿಲಿಗೇ ಹೋದವು. ಅಳುವವರನ್ನು ತೆಗೆಯುವುದು ತಪ್ಪು ಅಂತ ಒಂದೇ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಕೆಲವು ಸಲ ಮನೆಯವರೇ ತೆಗೆಯಿರಿ ಅನ್ನುತ್ತಾರೆ, ನಾಲ್ಕು ಜನಕ್ಕೆ ಗೊತ್ತಾಗಲಿ ಅನ್ನುತ್ತಾರೆ. ನನ್ನ ಲೆಕ್ಕ ಇಷ್ಟು. ಈ ಹೊತ್ತಿನಲ್ಲಿ ಇವರಿಗೆ ಬೇಡ ಅನ್ನುವ ಶಕ್ತಿ ಇದೆಯಾ? ಇಲ್ಲದಿದ್ದರೆ ಅವರ ಹೌದು ಕೂಡ ಲೆಕ್ಕಕ್ಕಿಲ್ಲ. ತಿಂಗಳುಗಳು ಕಳೆದ ಮೇಲೆ, ಮೈಗೆ ಉಣುಗು ತಡೆಯುವ ಎಣ್ಣೆ ಹಚ್ಚಿಕೊಂಡು ಮತ್ತೆ ಅದೇ ಕಾಡಿಗೆ ದರಕಿಗೆ ಹೊರಡುವ ಹೆಂಗಸಿನ ಹಿಂದೆ ಹೋಗಬಹುದು. ಹೋಗಲೇಬೇಕಾದ ಕೆಲಸ, ಹೋದರೆ ಉಣುಗು. ಅಳು ಒಂದೂ ಇಲ್ಲದೆ ಎಲ್ಲ ಅದರಲ್ಲಿದೆ.

ಒಪ್ಪಿಗೆಯ ಕಾಗದದ್ದೂ ಇದೇ ಕಥೆ. ಚಿತ್ರೋತ್ಸವದವರು, ಚಾನೆಲಿನವರು ಸಹಿ ಹಾಕಿದ ಫಾರಂ ಕೇಳುತ್ತಾರೆ. ಮುಳುಗಡೆಯಿಂದ ಎದ್ದುಬಂದ ಮನೆಗಳಲ್ಲಿ ಇಂಗ್ಲಿಷ್ ಕಾಗದ ಮುಂದಿಟ್ಟು ಇಲ್ಲೊಂದು ಸಹಿ ಅಂತ ಕೇಳಿ ನೋಡಿ. ಮುಖ ಬದಲಾಗುತ್ತದೆ. ಕಾಗದ, ಸರ್ವೆ, ಸಹಿ ಇವುಗಳಿಂದಲೇ ಅಲ್ವಾ ಹೋಗಿದ್ದು ಎಲ್ಲ? ನಾನು ಕನ್ನಡದಲ್ಲಿ ಅರ್ಧ ಪುಟ ಬರೆದು ಓದಿ ಹೇಳುತ್ತೇನೆ, ಕ್ಯಾಮೆರಾ ಎದುರಿಗೇ ಬಾಯಿಮಾತಿನ ಒಪ್ಪಿಗೆ ತೆಗೆದುಕೊಳ್ಳುತ್ತೇನೆ. ಎಡಿಟ್ ಆದ ಮೇಲೆ ತೋರಿಸಿ ಇನ್ನೊಮ್ಮೆ ಕೇಳುತ್ತೇನೆ. ಸಹಿ ಬೇಕಾದರೆ ಕೊನೆಯಲ್ಲಿ. ಎರಡನೇ ಸಲ ಕೇಳುವಾಗ ಕೈಕಾಲು ನಡುಗುವುದು ನನಗೆ. ಅಷ್ಟು ದಿನದ ಕೆಲಸ ಅವರ ಒಂದು ತಲೆಯಾಡಿಸುವಿಕೆಯ ಮೇಲೆ ನಿಂತಿರುತ್ತದೆ.

ಇನ್ನು ಸಿಗಂದೂರು ಸೇತುವೆ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆ ಆಯಿತು. ಎರಡು ಕಿಲೋಮೀಟರಿಗೂ ಉದ್ದ. ತುಮರಿ, ಬ್ಯಾಕೋಡು ಕಡೆಯವರು ಶರಾವತಿ ಹಿನ್ನೀರಿನ ಆಚೆ ದ್ವೀಪದಲ್ಲಿದ್ದ ಹಾಗೆ ಅರವತ್ತು ವರ್ಷ ಕಳೆದಿದ್ದರು. ರಾತ್ರಿ ಹೆರಿಗೆ ನೋವು ಬಂದರೆ ನೀರು ದಾಟಿಸುವ ಲಾಂಚ್ ಇಲ್ಲ. ನೀರು ಇಳಿದರೆ ಲಾಂಚಿಗೆ ಗಾಡಿ ಹತ್ತಿಸುವುದಿಲ್ಲ. ಉದ್ಘಾಟನೆಗೆ ಎಲ್ಲ ಕ್ಯಾಮೆರಾಗಳೂ ಬಂದವು, ಲಾಂಚಿನ ಮೇಲೆ ನಿಂತು ವಿದಾಯದ ರೀಲ್ಸ್ ಮಾಡಿದವು. ಊರಿನವರಿಗೆ ಅದು ವಿದಾಯ ಆಗಿರಲಿಲ್ಲ, ಬಿಡುಗಡೆ. ಲಾಂಚ್ ಬಗ್ಗೆ ಕಣ್ಣೀರು ಹಾಕಿದವರೆಲ್ಲ ವಾರಾಂತ್ಯಕ್ಕೆ ಬರುತ್ತಿದ್ದವರು. ನಾನು ಆ ದಿನ ಹೋಗಲಿಲ್ಲ. ಎಲ್ಲರೂ ವಾಪಸ್ ಹೋದ ಮೇಲೆ ಹೋಗಲು ಶುರು ಮಾಡಿದೆ. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವವರನ್ನೇ ನಂಬಿ ಚಹಾ, ಮಂಡಕ್ಕಿ ಮಾರುತ್ತಿದ್ದವರು ಈಗ ಏನು ಮಾಡುತ್ತಾರೆ? ಸೇತುವೆ ಬೇಕು ಅಂತ ಅವರೂ ಕೇಳಿದವರೇ. ಅವರ ಮನೆಯ ಮಗಳಿಗೂ ಕಾಲೇಜಿಗೆ ಹೋಗಲು ಸೇತುವೆ ಬೇಕಿತ್ತು. ಒಂದೇ ಮನೆಯೊಳಗೆ ಎರಡು ಲೆಕ್ಕ. ಇದು ಚಿತ್ರ ಆಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಸದ್ಯಕ್ಕೆ ಕ್ಯಾಮೆರಾ ಇಲ್ಲದೆ ಹೋಗಿ ಚಹಾ ಕುಡಿದು ಬರುತ್ತಿದ್ದೇನೆ.

ಕೊನೆಗಾರರ ಚಿತ್ರದ ಎಡಿಟಿಂಗ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎಡಿಟಿಂಗ್ ಅಂದರೆ ಕತ್ತಲೆ ಕೋಣೆ, ತಣ್ಣಗಾದ ಕಾಫಿ, ಎಲ್ಲದಕ್ಕೂ ಎರಡು ಹಾರ್ಡ್‌ಡಿಸ್ಕಿನಲ್ಲಿ ಕಾಪಿ. ಮರ ಹತ್ತುವ ಶಾಟ್‌ಗಳು ಬಹಳ ಇದ್ದವು, ಒಂದಕ್ಕಿಂತ ಒಂದು ಚೆಂದ. ಹೆಚ್ಚಿನವು ಹೋದವು. ಕೂಲಿ ಮಾತುಕತೆ ಉಳಿಯಿತು, ಒಂದೂ ಕಟ್ ಇಲ್ಲದೆ.

ಮೊದಲು ಯಾರಿಗೆ ತೋರಿಸಬೇಕು ಅನ್ನುವುದರಲ್ಲಿ ನನಗೆ ಗೊಂದಲ ಇರಲಿಲ್ಲ. ಹೆಗ್ಗೋಡು ನಮಗೆ ಹತ್ತಿರ. ಅಲ್ಲಿನ ನಾಟಕ ಸಂಸ್ಥೆ ನೀನಾಸಂನವರು 1973ರಲ್ಲೇ ಚಿತ್ರಸಮಾಜ ಶುರು ಮಾಡಿ, ಜಗತ್ತಿನ ಸಿನಿಮಾಗಳನ್ನು ಹಳ್ಳಿಯಲ್ಲಿ ತೋರಿಸಿದವರು. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಇಲ್ಲಿಗೆ ಬಂದು ಸಿನಿಮಾ ನೋಡುವುದು ಹೇಗೆ ಅಂತ ಪಾಠ ಮಾಡಿದರು. ತೋಟದವರು, ಮೇಷ್ಟ್ರು, ಅಂಗಡಿಯವರು ಕೂತು ಕೇಳಿದರು. ಹಳ್ಳಿಯವರಿಗೆ ಇಂಥದ್ದು ಅರ್ಥವಾಗುವುದಿಲ್ಲ ಅನ್ನುವ ಮಾತನ್ನು ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ ಯಾವತ್ತೂ ಒಪ್ಪಲಿಲ್ಲ. ಆ ನೆರಳಿನಲ್ಲಿ ಬೆಳೆದವನು ಚಿತ್ರ ಮಾಡಿ ಮೊದಲು ಊರ ಹೊರಗೆ ಕಳಿಸಿದರೆ ಮರ್ಯಾದೆ ಇರುವುದಿಲ್ಲ.

ಮರ್ಯಾದೆಯ ಮಾತು ಮಾತ್ರವೂ ಅಲ್ಲ. ಉತ್ತರ ಪ್ರದೇಶದ "ಖಬರ್ ಲಹರಿಯಾ" ಪತ್ರಿಕೆಯ ಹೆಂಗಸರ ಮೇಲಿನ ಚಿತ್ರ 2022ರಲ್ಲಿ ಆಸ್ಕರ್‌ಗೆ ನಾಮನಿರ್ದೇಶನವಾಯಿತು. ಸಮಾರಂಭಕ್ಕೆ ಮೊದಲು ಆ ಪತ್ರಿಕೆಯವರೇ ಒಂದು ಹೇಳಿಕೆ ಕೊಟ್ಟರು. ಚಿತ್ರ ಮನಸ್ಸು ತಟ್ಟುವಂತಿದೆ, ಆದರೆ ನಾವು ಒಂದೇ ಪಕ್ಷದ ಮೇಲೆ ಕಣ್ಣಿಟ್ಟವರು ಅನ್ನುವ ಹಾಗೆ ತೋರಿಸಿದ್ದು ಸರಿಯಲ್ಲ ಅನ್ನುವುದು ಅದರ ಸಾರ. ಯಾರು ಸರಿ ಅಂತ ತೀರ್ಪು ಕೊಡಲು ನಾನು ಯಾರು? ನಿರ್ದೇಶಕರಿಗೆ ತಮ್ಮ ಆಯ್ಕೆಯ ಹಕ್ಕಿದೆ. ಆದರೆ ಜೀವನವನ್ನೇ ತೆರೆದಿಟ್ಟವರು ನೋಡಿ "ಇದು ನಾವಲ್ಲ" ಅಂದರೆ ಅದನ್ನು ಕೇಳಿಸಿಕೊಳ್ಳಲೇಬೇಕಾಗುತ್ತದೆ. ನಾನಾದರೆ ಅದನ್ನು ಶಾಲೆಯ ಜಗಲಿಯಲ್ಲೇ, ಚಿತ್ರ ತಿದ್ದಲು ಇನ್ನೂ ಅವಕಾಶ ಇರುವಾಗಲೇ ಕೇಳಲು ಬಯಸುತ್ತೇನೆ.

ನಮ್ಮೂರ ಶಾಲೆಯಲ್ಲಿ ತೋರಿಸಿದೆವು. ಗೋಡೆಗೆ ಬಿಳಿ ಪಂಚೆ, ಬಾಡಿಗೆ ಪ್ರೊಜೆಕ್ಟರ್, ಕರೆಂಟು ಹೋದರೆ ಅಂತ ಒಂದು ಜನರೇಟರ್. ಕೂಲಿಯ ದೃಶ್ಯ ಬಂದಾಗ ಹಿಂದೆ ಕೂತ ಹೆಂಗಸರು ಮೊದಲು ನಕ್ಕರು. ಅಂಕಿ ಬಂದಾಗ ಎಲ್ಲರೂ ನಕ್ಕರು. ಅಪ್ಪಚ್ಚಿ ನಗಲಿಲ್ಲ. ಮುಗಿದ ಮೇಲೆ ನನ್ನ ಹತ್ತಿರ ಬಂದು, "ನಾನು ಅಷ್ಟು ಜುಗ್ಗನ ಥರ ಕಾಣ್ತೀನನಾ?" ಅಂತ ಕೇಳಿದ. ದೃಶ್ಯ ತೆಗೆಯಬೇಕಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಇರ್ಲಿ, ಎಲೆಚುಕ್ಕಿ ವಿಷಯ ಸರಿಯಾಗಿ ಬಂದಿದೆ" ಅಂದ.

ಕೊನೆಗಾರರ ಒಪ್ಪಿಗೆಯೂ ಆಯಿತು. ಅವರದೊಂದು ಬೇಡಿಕೆ ಇತ್ತು. ಪೂರ್ತಿ ಚಿತ್ರ ಅವರಿಗೆ ಬೇಡವಂತೆ. ನಮ್ಮ ತೋಟದ ಮರದ ಎತ್ತರ, ದೋಟಿ ತಿರುಗದ ಸಾಲು, ಆಮೇಲೆ ಆ ಅಂಕಿ, ಅಷ್ಟು ಭಾಗ ಮಾತ್ರ ಕತ್ತರಿಸಿ ಫೋನಿಗೆ ಹಾಕಿಕೊಡಬೇಕಂತೆ. ಹಾಕಿಕೊಟ್ಟೆ. ಅದು ಈಗ ಸುತ್ತಲಿನ ತೋಟದ ಮನೆಗಳ ವಾಟ್ಸಾಪಿನಲ್ಲೆಲ್ಲ ಓಡಾಡುತ್ತಿದೆ, ಬೇರೆ ಕೊನೆಗಾರರೂ ಅದನ್ನೇ ತೋರಿಸಿ ಕೂಲಿ ಕೇಳುತ್ತಿದ್ದಾರೆ ಅಂತ ಸುದ್ದಿ. ಈ ವರ್ಷದ ಕೊಯ್ಲಿನ ಮಾತುಕತೆಗೆ ಅಪ್ಪಚ್ಚಿ ನನಗೆ ಫೋನ್ ಮಾಡಿ, ಬರುವುದಾದರೆ ಬಾ, ಆ ಕ್ಯಾಮೆರಾ ಒಂದು ಶಿವಮೊಗ್ಗದಲ್ಲೇ ಬಿಟ್ಟು ಬಾ ಅಂದಿದ್ದಾನೆ. ಕೊನೆಗಾರರೂ ಫೋನ್ ಮಾಡಿದ್ದರು. ತರಲೇಬೇಕಂತೆ, ಆ ಬಿಜಾಪುರದ ಹುಡುಗನನ್ನೂ.